ಕೋಳಿ, ಬಾತು, ಗಿನಿ ಒಂದೇ ಅಂಗಳದಲ್ಲಿ: ಏನೋ ಸರಿಯಿಲ್ಲ ಅನಿಸಿದಾಗ ಎಲ್ಲಿಂದ ಹುಡುಕಬೇಕು

ಹತ್ತು ಕೋಳಿ ಸಾಕುವುದು ಒಂದು ಲೆಕ್ಕ. ಅದೇ ಅಂಗಳಕ್ಕೆ ನಾಲ್ಕು ಬಾತು, ಎರಡು ಗಿನಿಕೋಳಿ, ಒಂದು ಟರ್ಕಿ ಸೇರಿದರೆ ಲೆಕ್ಕವೇ ಬೇರೆ. ಮೇವು ಬೇರೆ, ನೀರಿನ ಚಟ ಬೇರೆ, ಬರುವ ಕಾಯಿಲೆಯೂ ಬೇರೆ. ಒಂದಕ್ಕೆ ಏನೂ ಮಾಡದ ರೋಗ ಪಕ್ಕದಲ್ಲಿರುವ ಇನ್ನೊಂದನ್ನು ಕೊಂದುಬಿಡುತ್ತದೆ. ಹಾಗಾಗಿ ಯಾವ ಔಷಧಿ ಕೊಡಲಿ ಎಂದು ಯೋಚಿಸುವ ಮೊದಲು ಒಂದು ವಿಷಯ ನೋಡಿಕೊಳ್ಳಿ. ತೊಂದರೆ ಒಂದೇ ಹಕ್ಕಿಗಾ, ಒಂದೇ ಜಾತಿಗಾ, ಇಲ್ಲಾ ಎಲ್ಲಕ್ಕೂ ನಾ?

ಒಂದೇ ಹಕ್ಕಿ ಮಂಕಾಗಿದ್ದರೆ ಸಾಮಾನ್ಯವಾಗಿ ಅದರದೇ ಸಮಸ್ಯೆ: ಗಾಯ, ಒಳಗೆ ಸಿಕ್ಕಿಕೊಂಡ ಮೊಟ್ಟೆ, ಉಳಿದವುಗಳ ಕಾಟ. ಒಂದೇ ಜಾತಿಯವು ಸಾಲಾಗಿ ಮಲಗಿದರೆ ಆ ಜಾತಿಗೆ ಅಂಟುವ ರೋಗ ಅಥವಾ ಆ ಜಾತಿಗೆ ಹೊಂದದ ಮೇವು. ಕೋಳಿ, ಬಾತು, ಗಿನಿ ಎಲ್ಲವೂ ಒಂದೇ ದಿನ ಕೆಟ್ಟರೆ ನೀರು, ಬೂಸ್ಟು ಹಿಡಿದ ಮೇವು, ಸೆಕೆ, ವಿಷ, ಇಲ್ಲವೇ ದೊಡ್ಡ ಸಾಂಕ್ರಾಮಿಕ. ಇಷ್ಟು ವಿಂಗಡಿಸಿಕೊಂಡರೆ ಹುಡುಕುವ ಜಾಗ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಲಕ್ಷಣ ಏನೇ ಇರಲಿ, ಮೊದಲು ಇಷ್ಟು

ಇದಕ್ಕೆ ಖರ್ಚಿಲ್ಲ. ಹತ್ತು ನಿಮಿಷ ಸಾಕು.

ನೀರಿನ ಪಾತ್ರೆಯೊಳಗೆ ಬೆರಳು ಆಡಿಸಿ. ಲೋಳೆ ಅಂಟಿದರೆ ಉಜ್ಜಿ ತೊಳೆಯಿರಿ. ಪಾತ್ರೆ ಬಿಸಿಲಿಗೆ ಕಾದಿದೆಯಾ, ಗಿಡ್ಡ ಹಕ್ಕಿಗೆ ಎಟುಕುತ್ತಾ, ಅಡ್ಡ ನಿಂತು ಯಾರಾದರೂ ಓಡಿಸುತ್ತಿದ್ದಾರಾ ನೋಡಿ. ಕೋಳಿ ತಿನ್ನುವ ತೂಕದ ಸುಮಾರು ಎರಡರಷ್ಟು ನೀರು ಕುಡಿಯುತ್ತದೆ. ಸೆಕೆಯಲ್ಲಿ ಇನ್ನೂ ಜಾಸ್ತಿ. ಕೆಲವು ಗಂಟೆ ನೀರಿಲ್ಲದಿದ್ದರೂ ಮೊಟ್ಟೆಗೆ ಪೆಟ್ಟು ಬೀಳುತ್ತದೆ.

ಮೇವಿನ ಚೀಲಕ್ಕೆ ಮೂಗು ಹಿಡಿಯಿರಿ. ಮುಗ್ಗಲು ವಾಸನೆ, ಗಂಟು, ಹಸಿರು ಅಥವಾ ಬೂದು ಬೂಸ್ಟು ಕಂಡರೆ ಆ ಚೀಲ ಅಲ್ಲಿಗೆ ಮುಗಿಯಿತು. ಬಿಸಿಲಿಗೆ ಹಾಕಿ ಒಣಗಿಸಿದರೆ ಬೂಸ್ಟು ಕಾಣದಂತಾಗಬಹುದು, ವಿಷ ಹೋಗುವುದಿಲ್ಲ. ಅಫ್ಲಾಟಾಕ್ಸಿನ್ ಎಂಬ ಈ ವಿಷ ಪತ್ತೆಯಾದದ್ದೇ 1960ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು 1 ಲಕ್ಷ ಟರ್ಕಿಗಳು ಸತ್ತ ಮೇಲೆ. ಬೂಸ್ಟು ಹಿಡಿದ ಕಡಲೆಕಾಯಿ ಹಿಂಡಿಯೇ ಅದಕ್ಕೆ ಕಾರಣವಾಗಿತ್ತು. ಕೋಳಿಗಿಂತ ಟರ್ಕಿ ಮತ್ತು ಬಾತುಮರಿಗಳು ಈ ವಿಷಕ್ಕೆ ಬೇಗ ಬಲಿಯಾಗುತ್ತವೆ. ಹಾಗಾಗಿ "ಕೋಳಿ ತಿಂದು ಚೆನ್ನಾಗೇ ಇದೆಯಲ್ಲ" ಎಂಬ ಮಾತು ಇಲ್ಲಿ ನಡೆಯುವುದಿಲ್ಲ.

ರಾತ್ರಿ ಟಾರ್ಚ್ ಹಿಡಿದು ಗೂಡಿಗೆ ಹೋಗಿ. ಹಗಲು ಕಾಣದ ಎಷ್ಟೋ ಸಂಗತಿ ಆಗ ಸಿಗುತ್ತದೆ. ಯಾವುದು ಕೋಲಿನ ಮೇಲೆ ಕೂರದೆ ಮೂಲೆ ಸೇರಿದೆ, ಯಾವುದರ ಉಸಿರಲ್ಲಿ ಗೊರಗೊರ ಸದ್ದಿದೆ, ಕೋಲಿನ ಸಂದಿಯಲ್ಲಿ ಏನು ಹರಿದಾಡುತ್ತಿದೆ.

ಕೊನೆಗೆ, ಅನುಮಾನ ಬಂದ ಹಕ್ಕಿಯನ್ನು ಕೈಗೆತ್ತಿಕೊಳ್ಳಿ. ಎದೆಯ ನಡುವಿನ ಮೂಳೆ ಚಾಕುವಿನ ಅಂಚಿನಂತೆ ಕೈಗೆ ಹತ್ತಿದರೆ ಅದು ಇವತ್ತಿನ ಕಾಯಿಲೆ ಅಲ್ಲ, ವಾರಗಳಿಂದ ಸೊರಗಿದೆ. ಹಕ್ಕಿಗಳು ಕಾಯಿಲೆಯನ್ನು ಆದಷ್ಟು ಮುಚ್ಚಿಡುತ್ತವೆ. ಗರಿ ಉಬ್ಬಿಸಿಕೊಂಡು ನಿಂತಿದ್ದು ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ವಿಷಯ ಮುಂದೆ ಹೋಗಿರುತ್ತದೆ.

ಮೊಟ್ಟೆ ಕಡಿಮೆಯಾಗಿದೆ, ಇಲ್ಲಾ ನಿಂತೇಹೋಗಿದೆ

ಮೊದಲು ಇದು ಕಳವಾ ಎಂದು ನೋಡಿ. ಹೊರಗೆ ಬಿಟ್ಟ ಕೋಳಿ ಪೊದೆಯಲ್ಲಿ ಇಡುತ್ತಿರಬಹುದು. ಗಿನಿಕೋಳಿಗಂತೂ ಗೂಡಿನ ಹೊರಗೆ ಬಚ್ಚಿಟ್ಟು ಇಡುವುದೇ ಅಭ್ಯಾಸ. ಎರಡು ಮೂರು ದಿನ ಮಧ್ಯಾಹ್ನದವರೆಗೆ ಎಲ್ಲವನ್ನೂ ಒಳಗೇ ಇಟ್ಟುಕೊಳ್ಳಿ. ಮೊಟ್ಟೆ ದಿಢೀರನೆ ಕಾಣಿಸಿಕೊಂಡರೆ ಸಮಸ್ಯೆ ಕೋಳಿಯದಲ್ಲ, ಹುಡುಕಿದ್ದು ಸಾಲದು ಅಷ್ಟೇ. ಹಾಸಿನಲ್ಲಿ ಚಿಪ್ಪಿನ ಚೂರು, ಒದ್ದೆ ಕಲೆ ಇದ್ದರೆ ಯಾರೋ ಒಡೆದು ತಿನ್ನುತ್ತಿದ್ದಾರೆ. ಯಾವ ಗುರುತೂ ಇಲ್ಲದೆ ಇಡೀ ಮೊಟ್ಟೆಯೇ ಮಾಯವಾದರೆ ಹಾವು ಅಥವಾ ಇಲಿಯ ಮೇಲೆ ಅನುಮಾನಪಡಿ. ಗೂಡಿನ ಹುಲ್ಲಿಗೆ ಕೈ ಹಾಕುವ ಮೊದಲು ಬೆಳಕು ಬಿಟ್ಟು ನೋಡುವುದು ಒಳ್ಳೆಯದು.

ಎರಡನೆಯದು ಬೆಳಕು. ಕೋಳಿ ಚೆನ್ನಾಗಿ ಮೊಟ್ಟೆ ಇಡಲು ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು. ಹಗಲು ಗಿಡ್ಡವಾಗುವ ತಿಂಗಳಲ್ಲಿ ಮೊಟ್ಟೆ ಇಳಿಯುವುದು ರೋಗವಲ್ಲ. ಅದೇ ಹೊತ್ತಿಗೆ ಹಳೆ ಗರಿ ಉದುರಿಸಿ ಹೊಸದು ಬೆಳೆಸಿಕೊಳ್ಳುವ ಕೆಲಸವೂ ಶುರುವಾಗುತ್ತದೆ. ಅದಕ್ಕೆ ಎರಡು ಮೂರು ತಿಂಗಳು ಹಿಡಿಯಬಹುದು. ಗರಿಯ ಬಹುಪಾಲು ಪ್ರೋಟೀನೇ. ಗರಿಗೂ ಮೊಟ್ಟೆಗೂ ಒಟ್ಟಿಗೆ ಒದಗಿಸಲು ಅದರ ಕೈಯಲ್ಲಿ ಆಗುವುದಿಲ್ಲ.

ಮೂರನೆಯದು ಕಾವು. ಒಂದು ಹೇಂಟೆ ಗೂಡು ಬಿಟ್ಟೇಳದೆ, ಹತ್ತಿರ ಹೋದರೆ ಗರಿ ಕೆದರಿ ಗುರ್ ಎಂದು ಕೊಕ್ಕಿನಿಂದ ಕುಟ್ಟಿದರೆ ಅದು ಕಾವಿಗೆ ಕೂತಿದೆ. ಮರಿ ಬೇಕಿದ್ದರೆ ಬಿಡಿ. ಕೋಳಿ ಮೊಟ್ಟೆಗೆ 21 ದಿನ, ಬಾತಿನದಕ್ಕೆ 28 ದಿನ ಎಂಬುದು ನೆನಪಿರಲಿ. ಎರಡೂ ಮೊಟ್ಟೆಯನ್ನು ಒಂದೇ ದಿನ ಒಂದೇ ಕೋಳಿಯ ಕೆಳಗಿಟ್ಟರೆ ಮೊದಲ ಮರಿ ಹೊರಬಂದ ಮೇಲೆ ಅದು ಎದ್ದು ಹೋಗುತ್ತದೆ, ಬಾತಿನ ಮೊಟ್ಟೆ ತಣ್ಣಗಾಗುತ್ತದೆ. ಮರಿ ಬೇಡವಾದರೆ ಕೆಳಗಿನಿಂದಲೂ ಗಾಳಿಯಾಡುವ ಜಾಲರಿ ತಳದ ಪಂಜರದಲ್ಲಿ ಮೂರ್ನಾಲ್ಕು ದಿನ ಇಡಿ. ಹುಲ್ಲು ಬೇಡ, ನೀರು ಮೇವು ಬೇಕು. ಕೋಳಿಯನ್ನು ನೀರಲ್ಲಿ ಮುಳುಗಿಸಿ ಕಾವು ಬಿಡಿಸುವ ಪದ್ಧತಿ ಸುಮ್ನೆ ಹಿಂಸೆ.

ಬೆಳಕು, ಗರಿ, ಕಾವು ಯಾವುದೂ ಅಲ್ಲದಿದ್ದರೆ ಮೇವಿನತ್ತ ತಿರುಗಿ. ಲೇಯರ್ ಫೀಡಿನಲ್ಲಿ, ಅಂದರೆ ಮೊಟ್ಟೆ ಇಡುವ ಕೋಳಿಯ ಮೇವಿನಲ್ಲಿ, ಸುಮಾರು 16ರಿಂದ 18 ಶೇಕಡ ಪ್ರೋಟೀನ್ ಇರುತ್ತದೆ. ಅದರ ಜೊತೆ ಅಕ್ಕಿನುಚ್ಚು, ಜೋಳ, ಅನ್ನವನ್ನು ಧಾರಾಳವಾಗಿ ಎರಚಿದರೆ ಹಕ್ಕಿ ಅದನ್ನೇ ತಿಂದು ಹೊಟ್ಟೆ ತುಂಬಿಸಿಕೊಳ್ಳುತ್ತದೆ, ಫೀಡು ಹಾಗೇ ಉಳಿಯುತ್ತದೆ. ಕೊಬ್ಬು ಬೆಳೆಯುತ್ತದೆ, ಮೊಟ್ಟೆ ನಿಲ್ಲುತ್ತದೆ. ಕಾಳು ಸಂಜೆಗೆ, ಒಂದು ಹಿಡಿಯಷ್ಟು ಸಾಕು.

ಚಿಪ್ಪು ತೆಳ್ಳಗಿದೆ, ತೊಗಲು ಮೊಟ್ಟೆ ಬರುತ್ತಿದೆ

ಹೊಸದಾಗಿ ಇಡಲು ಶುರುಮಾಡಿದ ಕೋಳಿ ಒಂದೆರಡು ತೊಗಲು ಮೊಟ್ಟೆ ಇಟ್ಟರೆ ತಲೆ ಕೆಡಿಸಿಕೊಳ್ಳಬೇಡಿ. ಮುಂದುವರಿದರೆ ಕ್ಯಾಲ್ಸಿಯಂ ಸಾಲುತ್ತಿಲ್ಲ. ಮೊಟ್ಟೆ ಇಡುವ ಕೋಳಿಯ ಮೇವಿನಲ್ಲಿ ಶೇಕಡ 3.5ರಿಂದ 4ರಷ್ಟು ಕ್ಯಾಲ್ಸಿಯಂ ಇರಬೇಕು. ಬೆಳೆಯುವ ಮರಿಗೆ ಬೇಕಾದದ್ದು ಅದರ ಕಾಲುಭಾಗ ಮಾತ್ರ. ಜಾಸ್ತಿಯಾದರೆ ಮರಿಯ ಮೂತ್ರಪಿಂಡ ಹಾಳಾಗುತ್ತದೆ.

ಮಿಶ್ರ ಗುಂಪಿನಲ್ಲಿ ಇದೇ ದೊಡ್ಡ ತಲೆನೋವು. ಹುಂಜ, ಮರಿ, ಬಾತು, ಮೊಟ್ಟೆಯ ಹೇಂಟೆ ಎಲ್ಲವೂ ಒಂದೇ ತಟ್ಟೆಗೆ ಬಾಯಿ ಹಾಕುತ್ತವೆ. ನನ್ನ ಪ್ರಕಾರ ಸುಲಭದ ದಾರಿ ಹೀಗಿದೆ. ಎಲ್ಲಕ್ಕೂ ಗ್ರೋವರ್ ಫೀಡ್, ಅಂದರೆ ಬೆಳೆಯುವ ಹಕ್ಕಿಯ ಮೇವು ಹಾಕಿ, ಪುಡಿಮಾಡಿದ ಕಪ್ಪೆಚಿಪ್ಪನ್ನು ಬೇರೆ ಬಟ್ಟಲಲ್ಲಿಡಿ. ಬೇಕಾದ ಹೇಂಟೆ ತಾನೇ ಹೋಗಿ ತಿನ್ನುತ್ತದೆ, ಬೇಡದ ಹುಂಜ ಮುಟ್ಟುವುದಿಲ್ಲ. ಮೊಟ್ಟೆಚಿಪ್ಪನ್ನೇ ಹಾಕುವುದಾದರೆ ಚೆನ್ನಾಗಿ ಒಣಗಿಸಿ ಗುರುತು ಸಿಗದಷ್ಟು ಪುಡಿಮಾಡಿ.

ಸೆಕೆಯಲ್ಲಿ ಮಾತ್ರ ಚಿಪ್ಪು ತೆಳ್ಳಗಾದರೆ ಕಾರಣ ಬೇರೆ. ತೇಕುವ ಕೋಳಿ ಉಸಿರಿನ ಜೊತೆ ಇಂಗಾಲದ ಡೈಆಕ್ಸೈಡನ್ನು ಜಾಸ್ತಿ ಹೊರಹಾಕುತ್ತದೆ. ಚಿಪ್ಪು ಕಟ್ಟಲು ರಕ್ತದಲ್ಲಿ ಅದೂ ಬೇಕು. ಆಗ ಎಷ್ಟು ಕಪ್ಪೆಚಿಪ್ಪು ಹಾಕಿದರೂ ಉಪಯೋಗ ಕಡಿಮೆ. ನೆರಳು, ಗಾಳಿ, ತಂಪು ನೀರೇ ಮದ್ದು.

ಗುಂಪಿನಲ್ಲಿ ಏಕಕಾಲಕ್ಕೆ ಹಲವು ಹೇಂಟೆಗಳು ಸುಕ್ಕು ಚಿಪ್ಪಿನ, ಸೊಟ್ಟ, ನೀರುನೀರಾದ ಮೊಟ್ಟೆ ಇಟ್ಟು, ಜೊತೆಗೆ ಸೀನುತ್ತಿದ್ದರೆ ಅದು ಮೇವಿನ ದೋಷವಲ್ಲ, ವೈರಸ್ ರೋಗದ ಗುರುತು. ಪಶುವೈದ್ಯರಿಗೆ ಹೇಳಿ.

ಗರಿ ಹೋಗಿದೆ, ಬೆನ್ನು ಬೋಳಾಗಿದೆ

ಎಲ್ಲಿ ಬೋಳಾಗಿದೆ ಎಂಬುದರಲ್ಲೇ ಉತ್ತರವಿದೆ. ತಲೆ, ಕತ್ತಿನಿಂದ ಶುರುವಾಗಿ ಹಿಂದಕ್ಕೆ ಹೋಗುತ್ತಾ, ಅಲ್ಲಲ್ಲಿ ಹೊಸ ಗರಿಯ ಮುಳ್ಳು ಮೊಳೆತಿದ್ದರೆ ಅದು ಸಹಜವಾಗಿ ಗರಿ ಉದುರುವ ಕಾಲ. ಬೆನ್ನಿನ ಮೇಲೆ ಮತ್ತು ತಲೆಯ ಹಿಂದೆ ಮಾತ್ರ ಬೋಳಾಗಿದ್ದರೆ ಹುಂಜ ಅತಿಯಾಗಿ ಹತ್ತುತ್ತಿದೆ. ಒಂದು ಹುಂಜಕ್ಕೆ ಎಂಟು ಹತ್ತು ಹೇಂಟೆ ಇದ್ದರೆ ಇದು ಕಡಿಮೆ. ಬಾಲದ ಬುಡದಲ್ಲಿ ಕಿತ್ತಂತೆ ಕಂಡು ರಕ್ತ ಜಿನುಗಿದ್ದರೆ ಉಳಿದವು ಕುಕ್ಕುತ್ತಿವೆ. ಹಿಂಬದಿಯ ದ್ವಾರದ ಸುತ್ತ ಗರಿ ಕೊಳೆಯಾಗಿ, ಕಪ್ಪಗೆ ಪುಡಿ ಅಂಟಿದಂತಿದ್ದರೆ ನುಸಿ.

ಕುಕ್ಕಾಟದಲ್ಲಿ ರಕ್ತ ಕಂಡ ಕೂಡಲೇ ಆ ಹಕ್ಕಿಯನ್ನು ಬೇರ್ಪಡಿಸಿ. ಕೆಂಪು ಬಣ್ಣ ಉಳಿದವನ್ನು ಮತ್ತಷ್ಟು ಕೆರಳಿಸುತ್ತದೆ, ಸಂಜೆಯೊಳಗೆ ಕೊಂದೇಬಿಡಬಹುದು. ಆಮೇಲೆ ಕಾರಣ ಹುಡುಕಿ. ಜಾಗ ಸಾಲದಿರುವುದು ಮೊದಲ ಕಾರಣ. ಗೂಡಿನೊಳಗೆ ಒಂದು ಕೋಳಿಗೆ ಸುಮಾರು 4 ಚದರಡಿ, ಹೊರಗಿನ ಬೇಲಿಯಲ್ಲಿ 8ರಿಂದ 10 ಚದರಡಿ ಇರಲಿ. ಆಮೇಲೆ ಪ್ರೋಟೀನ್ ಕೊರತೆ, ಕಣ್ಣು ಕುಕ್ಕುವ ಬೆಳಕು, ಮಾಡಲು ಕೆಲಸವಿಲ್ಲದ ಬೇಸರ. ಒಂದು ಸೊಪ್ಪಿನ ಕಟ್ಟನ್ನು ತಲೆಯೆತ್ತಿ ಕಿತ್ತು ತಿನ್ನುವ ಎತ್ತರಕ್ಕೆ ನೇತುಹಾಕಿದರೆ ಅರ್ಧ ದಿನ ಅದರಲ್ಲೇ ಕಳೆಯುತ್ತವೆ.

ನುಸಿಯಲ್ಲಿ ಎರಡು ಬಗೆ ಮುಖ್ಯ. ಒಂದು ಹಕ್ಕಿಯ ಮೈಮೇಲೇ ಇರುತ್ತದೆ. ಇನ್ನೊಂದು ಕೆಂಪು ನುಸಿ. ಇದು ಹಗಲಿಡೀ ಕೋಲಿನ ಸಂದಿಯಲ್ಲಿ ಅಡಗಿದ್ದು ರಾತ್ರಿ ಬಂದು ರಕ್ತ ಹೀರುತ್ತದೆ. ಹಗಲು ಹಕ್ಕಿಯನ್ನು ಎಷ್ಟು ತಡಕಿದರೂ ಸಿಗುವುದಿಲ್ಲ. ಜುಟ್ಟು ಬಿಳಿಚಿಕೊಂಡಿದೆ, ಸಂಜೆಯಾದರೆ ಗೂಡು ಹತ್ತಲು ಒಪ್ಪುತ್ತಿಲ್ಲ ಎಂದರೆ ಇದರ ಮೇಲೇ ಅನುಮಾನ. ರಾತ್ರಿ ಕೋಲಿನ ತಳಕ್ಕೆ ಬಿಳಿ ಬಟ್ಟೆ ಒರೆಸಿ. ಕೆಂಪು ಗೆರೆ ಬಿದ್ದರೆ ಇದೆ. ಹಕ್ಕಿಗೆ ಮಾತ್ರ ಔಷಧಿ ಹಾಕಿ ಗೂಡನ್ನು ಬಿಟ್ಟರೆ ಏನೂ ಆಗದು. ಕೋಲು ಬಿಚ್ಚಿ, ಸಂದಿಗೆಲ್ಲ ಕುದಿನೀರು ಸುರಿದು, ಕೋಳಿಗೂಡಿಗೆಂದೇ ಇರುವ ನುಸಿ ಔಷಧಿ ಹೊಡೆದು, ವಾರದೊಳಗೆ ಮತ್ತೊಮ್ಮೆ ಮಾಡಿ. ಅಷ್ಟರಲ್ಲಿ ಉಳಿದ ಮೊಟ್ಟೆಗಳು ಒಡೆದು ಹೊಸ ತಲೆಮಾರು ಬಂದಿರುತ್ತದೆ. ಹೊಲಕ್ಕೆ ತಂದ ಕೀಟನಾಶಕವನ್ನು ಅಂದಾಜಿನಲ್ಲಿ ಕಲಸಿ ಹಕ್ಕಿಯ ಮೈಗೆ ಹಾಕುವುದು ಬೇಡವೇ ಬೇಡ. ನುಸಿಗಿಂತ ಮೊದಲು ಕೋಳಿ ಹೋಗುತ್ತದೆ.

ಹೇನು ಹಗಲೇ ಕಾಣುತ್ತದೆ. ಒಣಹುಲ್ಲಿನ ಬಣ್ಣ, ಚುರುಕು ಓಟ, ಗರಿಯ ಬುಡದಲ್ಲಿ ಬಿಳಿ ಮೊಟ್ಟೆಯ ಗುಪ್ಪೆ. ಒಣಮಣ್ಣಿನಲ್ಲಿ ಹೊರಳಾಡಲು ಒಂದು ಜಾಗ ಬಿಟ್ಟರೆ ಕೋಳಿ ತಾನೇ ಬಹುಪಾಲು ನಿಭಾಯಿಸುತ್ತದೆ.

ಹಾಸು ಸದಾ ಒದ್ದೆ, ಗೂಡಿಗೆ ತಲೆ ಹಾಕಿದರೆ ಕಣ್ಣುರಿ

ಬಾತು ಮತ್ತು ಕೋಳಿ ಜೊತೆಗಿದ್ದಲ್ಲಿ ಅರ್ಧ ತೊಂದರೆಗಳ ಬೇರು ಇಲ್ಲೇ ಇರುತ್ತದೆ. ಬಾತಿಗೆ ಮೂಗಿನ ಹೊಳ್ಳೆ ಮುಳುಗುವಷ್ಟು ಆಳದ ನೀರು ಬೇಕು. ಅದು ಕೊಕ್ಕನ್ನೂ ಕಣ್ಣನ್ನೂ ತೊಳೆದುಕೊಳ್ಳುವುದು ಹಾಗೇ. ಕುಡಿಯುತ್ತಾ ಅರ್ಧ ಚೆಲ್ಲುತ್ತದೆ. ಆ ಒದ್ದೆಯಲ್ಲಿ ಹಿಕ್ಕೆ ಕೊಳೆತು ಅಮೋನಿಯಾ ಏಳುತ್ತದೆ. ಅದರಿಂದ ಕೋಳಿಗೆ ಕಣ್ಣುರಿ, ಸೀನು. ಮರಿಗಳಿಗೆ ರಕ್ತಭೇದಿ. ಕಾಲಿಗೆ ಹುಣ್ಣು. ಬಾತಿಗೆ ಮಾತ್ರ ಏನೂ ಅನಿಸುವುದಿಲ್ಲ, ಖುಷಿಯಾಗಿ ಕೆಸರಲ್ಲಿ ಕೊಕ್ಕಾಡಿಸುತ್ತಿರುತ್ತದೆ.

ಪರೀಕ್ಷೆ ಸುಲಭ. ಕೋಳಿ ಮಲಗುವ ಎತ್ತರಕ್ಕೆ ನಿಮ್ಮ ಮೂಗು ತಂದು ಉಸಿರೆಳೆಯಿರಿ. ನಿಂತಲ್ಲಿ ಏನೂ ಅನಿಸದಿದ್ದರೂ ಅಲ್ಲಿ ಮೂಗಿಗೆ ಹೊಡೆಯಬಹುದು. ಒಂದು ಹಿಡಿ ಹಾಸನ್ನು ಗಟ್ಟಿಯಾಗಿ ಅದುಮಿ ಬಿಡಿ. ಮುದ್ದೆಯಾಗಿಯೇ ಉಳಿದರೆ ತೇವ ಜಾಸ್ತಿ, ಉದುರಿದರೆ ಸರಿ.

ನೀರನ್ನು ಗೂಡಿನಿಂದ ಹೊರಗೆ ತನ್ನಿ. ಹೊರಗೂ ನೆಲದ ಮೇಲಿಡದೆ, ಒಂದು ಗುಂಡಿ ತೋಡಿ ಜಲ್ಲಿ ತುಂಬಿಸಿ, ಮೇಲೆ ಜಾಲರಿ ಹಾಸಿ ಅದರ ಮೇಲೆ ಪಾತ್ರೆ ಇಡಿ. ಚೆಲ್ಲಿದ್ದು ಕೆಳಗಿಳಿಯುತ್ತದೆ. ರಾತ್ರಿ ಗೂಡಿನಲ್ಲಿ ಮೇವು ಇಡದಿದ್ದರೆ ದೊಡ್ಡ ಬಾತುಗಳಿಗೆ ಅಲ್ಲಿ ನೀರೂ ಬೇಕಿಲ್ಲ, ಬೆಳಗ್ಗೆ ಬೇಗ ಬಿಟ್ಟರಾಯಿತು. ತೀರಾ ಸೆಕೆಯ ರಾತ್ರಿಗೆ ಈ ಲೆಕ್ಕ ಬೇಡ. ಮೇವಿದ್ದಲ್ಲಿ ನೀರು ಇರಲೇಬೇಕು, ಇಲ್ಲದಿದ್ದರೆ ಬಾತಿನ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಗಾಳಿಕಿಂಡಿ ಹಕ್ಕಿಗಳ ತಲೆಗಿಂತ ಮೇಲಿರಲಿ, ಮಲಗಿದಾಗ ಮೈಗೆ ನೇರ ಹೊಡೆಯದಂತೆ.

ಹಿಕ್ಕೆ ಬದಲಾಗಿದೆ

ಮೊದಲು ಸಹಜ ಯಾವುದೆಂದು ಗೊತ್ತಿರಬೇಕು. ಗಟ್ಟಿ ಕಂದು, ತುದಿಗೆ ಬಿಳಿ ಟೋಪಿ ಎಂದರೆ ಸರಿಯಾಗಿದೆ. ಎಂಟು ಹತ್ತು ಸಲಕ್ಕೊಮ್ಮೆ ಕೋಳಿ ಅಂಟಂಟಾದ, ಕಡುಕಂದು ಬಣ್ಣದ, ಸಹಿಸಲಾಗದಷ್ಟು ನಾರುವ ಹಿಕ್ಕೆ ಹಾಕುತ್ತದೆ. ಅದೂ ಸಹಜವೇ. ಸೆಕೆಯಲ್ಲಿ ನೀರಾಗುವುದು ಜಾಸ್ತಿ ಕುಡಿದದ್ದಕ್ಕೆ. ಬಾತಿನ ಹಿಕ್ಕೆ ಯಾವಾಗಲೂ ತೆಳ್ಳಗೇ ಇರುತ್ತದೆ, ಅದನ್ನು ಕೋಳಿಯ ಅಳತೆಗೋಲಿನಿಂದ ಅಳೆಯಬೇಡಿ.

ಮೂರರಿಂದ ಎಂಟು ವಾರದ ಮರಿ ರೆಕ್ಕೆ ಜೋತುಬಿಟ್ಟು ಗುಂಪಾಗಿ ನಿಂತು, ಹಿಕ್ಕೆಯಲ್ಲಿ ರಕ್ತ ಬಂದರೆ ಕಾಕ್ಸಿಡಿಯೋಸಿಸ್, ಅಂದರೆ ರಕ್ತಭೇದಿ ಎಂದೇ ತಿಳಿದು ನಡೆಯಿರಿ. ಇಲ್ಲಿ ನಾಳೆ ನೋಡೋಣ ಎನ್ನುವಂತಿಲ್ಲ. ನೀರಿಗೆ ಹಾಕುವ ಆಂಪ್ರೋಲಿಯಂ ಇದಕ್ಕೆ ಸಾಮಾನ್ಯ ಔಷಧಿ, ಅಳತೆ ಲೇಬಲ್ಲಿನಲ್ಲಿರುವಷ್ಟೇ. ಅದು ಕೊಡುವಷ್ಟು ದಿನ ಬಿ-ವಿಟಮಿನ್ ಟಾನಿಕ್ ನಿಲ್ಲಿಸಿ. ಆ ಔಷಧಿ ಕೆಲಸ ಮಾಡುವುದೇ ರೋಗಾಣುವಿಗೆ ಥಯಾಮಿನ್ ಎಂಬ ಬಿ-ವಿಟಮಿನ್ ಸಿಗದಂತೆ ತಡೆದು. ಒದ್ದೆ ಹಾಸು ತೆಗೆಯದೆ ಔಷಧಿ ಮಾತ್ರ ಕೊಟ್ಟರೆ ಮತ್ತೆ ಬರುತ್ತದೆ.

ಇಲ್ಲಿ ಮಿಶ್ರ ಗುಂಪಿನವರಿಗೆ ಒಂದು ಗಂಭೀರ ಎಚ್ಚರ. ಕೋಳಿಮರಿಯ ಕೆಲವು ಫೀಡುಗಳಲ್ಲಿ ಈ ರೋಗ ತಡೆಯಲು ಮೊದಲೇ ಔಷಧಿ ಬೆರೆತಿರುತ್ತದೆ. ಸ್ಯಾಲಿನೋಮೈಸಿನ್ ಟರ್ಕಿಗೆ ವಿಷ. ಮೊನೆನ್ಸಿನ್ ಗಿನಿಕೋಳಿಗೂ ದೊಡ್ಡ ಟರ್ಕಿಗೂ ಕೊಡಬಾರದು. ಚೀಲದ ಲೇಬಲ್ ಓದದೆ ಎಲ್ಲಕ್ಕೂ ಒಂದೇ ಫೀಡ್ ಸುರಿಯಬೇಡಿ.

ಗಂಧಕದಂತಹ ಹಳದಿ ಹಿಕ್ಕೆ ಟರ್ಕಿಯಲ್ಲಿ ಕಂಡರೆ ಬ್ಲ್ಯಾಕ್‌ಹೆಡ್ ರೋಗ ಇರಬಹುದು. ಕೋಳಿಯ ಕರುಳಿನ ಒಂದು ಹುಳುವಿನ ಮೊಟ್ಟೆಯೊಳಗೆ ಕೂತು ಇದು ಬರುತ್ತದೆ. ಕೋಳಿ ಆರಾಮಾಗಿ ಓಡಾಡಿಕೊಂಡಿರುತ್ತದೆ, ಟರ್ಕಿ ಸಾಯುತ್ತದೆ. ಆ ಹುಳುವಿನ ಮೊಟ್ಟೆ ಮಣ್ಣಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಟರ್ಕಿಯನ್ನು ಕೋಳಿ ತಿರುಗಿದ ನೆಲದಲ್ಲಿ ಬಿಡಲೇಬಾರದು ಎಂಬುದು ನನ್ನ ಖಡಾಖಂಡಿತ ಅಭಿಪ್ರಾಯ. ಬೇಕೇ ಬೇಕು ಎಂದರೆ ಬೇರೆ ಬೇಲಿ, ಬೇರೆ ಪಾತ್ರೆ, ಬೇರೆ ಚಪ್ಪಲಿ.

ಕಡು ಹಸಿರು ಹಿಕ್ಕೆ ಎಂದರೆ ಹಲವು ಸಲ ಹಕ್ಕಿ ತಿನ್ನುತ್ತಲೇ ಇಲ್ಲ ಎಂದರ್ಥ. ಅದರ ಜೊತೆ ಏದುಸಿರು, ಕತ್ತು ತಿರುಚುವುದು, ಸಾಲು ಸಾವು ಸೇರಿದರೆ ಕೊನೆಯ ಭಾಗಕ್ಕೆ ಹೋಗಿ.

ಕುಂಟುತ್ತಿದೆ, ಏಳಲಾಗುತ್ತಿಲ್ಲ

ಪಾದದ ಅಡಿ ನೋಡಿ. ನಡುವೆ ಕಪ್ಪು ಹಕ್ಕಳೆ, ಸುತ್ತ ಊತ ಇದ್ದರೆ ಒಳಗೆ ಕೀವು ಗಟ್ಟಿಯಾಗಿದೆ. ಎತ್ತರದ ಕೋಲಿನಿಂದ ಗಟ್ಟಿ ನೆಲಕ್ಕೆ ಹಾರುವ ಭಾರದ ಹಕ್ಕಿಗಳಿಗೆ ಇದು ಹೆಚ್ಚು. ಸಣ್ಣದಿದ್ದರೆ ಉಗುರುಬೆಚ್ಚಗಿನ ಉಪ್ಪುನೀರಲ್ಲಿ ನೆನೆಸಿ, ನಂಜುನಿವಾರಕ ಹಚ್ಚಿ, ಬ್ಯಾಂಡೇಜ್ ಸುತ್ತಿ, ಒಣ ಹಾಸಿನಲ್ಲಿಡಿ. ಕೈಗವಸು ಹಾಕಿಕೊಳ್ಳಿ, ಆ ಕೀವಿನ ಬ್ಯಾಕ್ಟೀರಿಯಾ ಮನುಷ್ಯರಿಗೂ ಅಂಟುತ್ತದೆ. ಕಾಲಿನ ಹುರುಪೆ ಎದ್ದು ಒರಟಾಗಿದ್ದರೆ ಕಾಲಿನ ನುಸಿ. ಹುರುಪೆ ಕೀಳಬೇಡಿ. ವ್ಯಾಸಲೀನ್ ದಪ್ಪಗೆ ಬಳಿದರೆ ನುಸಿ ಉಸಿರುಗಟ್ಟುತ್ತದೆ. ವಾರಗಟ್ಟಲೆ ಬಿಡದೆ ಬಳಿಯಬೇಕು. ಕಾಲಿಗೆ ದಾರ, ಕೂದಲು ಸುತ್ತಿಕೊಂಡಿದೆಯಾ ಎಂದೂ ನೋಡಿ.

ಬಾತುಮರಿ ಮಾತ್ರ ಕುಂಟುತ್ತಾ, ಮಂಡಿ ಊದಿ, ಕಾಲು ಬಿಲ್ಲಾಗಿದ್ದರೆ ಮೊದಲ ಅನುಮಾನ ನಯಾಸಿನ್ ಕೊರತೆ. ಕೋಳಿಮರಿಗಿಂತ ಬಾತುಮರಿಗೆ ಈ ವಿಟಮಿನ್ ಹೆಚ್ಚು ಬೇಕು, ಕೋಳಿಮರಿ ಫೀಡಿನಲ್ಲಿ ಅಷ್ಟಿರುವುದಿಲ್ಲ. ಒಂದು ಕಪ್ ಫೀಡಿಗೆ ಒಂದು ದೊಡ್ಡ ಚಮಚ ಬ್ರೂವರ್ಸ್ ಯೀಸ್ಟ್ ಬೆರೆಸಿ. ಬೇಗ ಹಿಡಿದರೆ ಕೆಲವೇ ದಿನಗಳಲ್ಲಿ ಗುಣ ಕಾಣುತ್ತದೆ, ಮೂಳೆ ಸೊಟ್ಟಗೆ ಗಟ್ಟಿಯಾದ ಮೇಲೆ ಕಷ್ಟ. ದೊಡ್ಡ ಬಾತು ಕುಂಟಿದರೆ ಯಾರೋ ಕಾಲು ಹಿಡಿದು ಎತ್ತಿರಬಹುದು. ಬಾತಿನ ಕಾಲು ಸೂಕ್ಷ್ಮ, ಮೈಯನ್ನು ಬಳಸಿ ಹಿಡಿದು ಎತ್ತಬೇಕು.

ಎಳೆಯ ಕೋಳಿ ಒಂದು ಕಾಲು ಮುಂದಕ್ಕೆ, ಒಂದು ಕಾಲು ಹಿಂದಕ್ಕೆ ಚಾಚಿ ಬಿದ್ದಿದ್ದರೆ ಮ್ಯಾರೆಕ್ಸ್ ರೋಗ ಇರಬಹುದು. ಇದಕ್ಕೆ ಚಿಕಿತ್ಸೆ ಇಲ್ಲ. ಮರಿ ಹುಟ್ಟಿದ ದಿನವೇ ಲಸಿಕೆ ಬೀಳಬೇಕು. ಬಾತುಗಳ ಕತ್ತು ನಿಲ್ಲದೆ ನೆಲಕ್ಕೆ ಬಿದ್ದುಹೋಗುತ್ತಿದ್ದರೆ ಸುತ್ತ ಕೊಳೆತ ಹೆಣ, ಹುಳು, ನಿಂತು ನಾರುವ ನೀರು ಹುಡುಕಿ. ಬೊಟ್ಯುಲಿಸಂ ವಿಷ ಅಲ್ಲಿಂದ ಬರುತ್ತದೆ. ಉಳಿದವನ್ನು ತಕ್ಷಣ ಆ ಜಾಗದಿಂದ ದೂರ ಮಾಡಿ.

ಸೀನು, ಕಣ್ಣಲ್ಲಿ ನೊರೆ, ಮುಖ ಊತ

ಒಂದೆರಡು ಸೀನು, ಮೂಗು ಒಣಗಿದ್ದರೆ ಧೂಳು. ಹಾಸು ಬದಲಿಸಿ ಎರಡು ದಿನ ನೋಡಿ. ಬಾತಿನ ಕಣ್ಣು ಮಾತ್ರ ಅಂಟಿಕೊಂಡಿದ್ದರೆ ತಲೆ ಮುಳುಗಿಸಲು ನೀರು ಸಿಗುತ್ತಿಲ್ಲ. ಆಳದ ಪಾತ್ರೆ ಇಟ್ಟು ಒಂದು ದಿನ ಕಾದು ನೋಡಿ.

ಕಣ್ಣಿನ ಮೂಲೆಯಲ್ಲಿ ನೊರೆ, ಗೊರಗೊರ ಉಸಿರು ಇದ್ದರೆ ಮೈಕೋಪ್ಲಾಸ್ಮಾ ಇರಬಹುದು. ಮುಖ ಊದಿ ಮೂಗಿಂದ ದುರ್ವಾಸನೆಯ ಸಿಂಬಳ ಸುರಿದರೆ ಕೊರೈಜಾ. ಎರಡೂ ವೈದ್ಯರ ಔಷಧಿಯಿಂದ ತಗ್ಗುತ್ತವೆ. ಆದರೆ ಗುಣವಾದ ಹಕ್ಕಿ ರೋಗವನ್ನು ಮೈಯಲ್ಲೇ ಇಟ್ಟುಕೊಂಡಿರುತ್ತದೆ. ಅದಕ್ಕೇ ಹೊಸ ಹಕ್ಕಿ ತಂದರೆ 30 ದಿನ ಬೇರೆ ಇಡಿ ಎನ್ನುವುದು. ಬೇಲಿಯ ಆಚೆ ಈಚೆ ಇಟ್ಟರೆ ಬೇರೆ ಇಟ್ಟಂತಾಗುವುದಿಲ್ಲ, ಗಾಳಿ ಮತ್ತು ನಿಮ್ಮ ಚಪ್ಪಲಿ ಎರಡೂ ರೋಗ ದಾಟಿಸುತ್ತವೆ.

ಜುಟ್ಟಿನ ಮೇಲೆ, ಕಣ್ಣಿನ ಸುತ್ತ ಕಪ್ಪು ಹಕ್ಕಳೆ ಎದ್ದರೆ ಕೋಳಿ ಸಿಡುಬು. ಸೊಳ್ಳೆ ಹರಡುತ್ತದೆ. ಹಕ್ಕಳೆ ಕೀಳದೆ, ಕಣ್ಣು ಮುಚ್ಚಿಹೋಗದಂತೆ ನೋಡಿಕೊಂಡು, ತಿನ್ನಿಸುತ್ತಿದ್ದರೆ ಮೂರ್ನಾಲ್ಕು ವಾರದಲ್ಲಿ ತಾನೇ ಉದುರುತ್ತದೆ. ಬಾಯೊಳಗೂ ಹಳದಿ ಪೊರೆ ಕಟ್ಟಿದ್ದರೆ ಉಸಿರಿಗೇ ಅಪಾಯ, ಅದು ವೈದ್ಯರ ಕೆಲಸ.

ಮೂಲೆ ಸೇರಿ ಮಂಕಾಗಿ ಕೂತಿದೆ

ಕತ್ತಿನ ಬುಡದಲ್ಲಿ ಕಾಳು ತುಂಬಿಕೊಳ್ಳುವ ಚೀಲವನ್ನು ಬೆಳಗ್ಗೆ ಮೇವು ಹಾಕುವ ಮೊದಲು ಮುಟ್ಟಿ. ಖಾಲಿಯಾಗಿರಬೇಕು. ಗಟ್ಟಿ ಉಂಡೆಯಿದ್ದರೆ ಉದ್ದ ಹುಲ್ಲು, ದಾರ ಸಿಕ್ಕಿಕೊಂಡಿದೆ. ಮೆತ್ತಗೆ ನೀರಿನ ಚೀಲದಂತಿದ್ದು ಬಾಯಿ ಹುಳಿ ನಾರಿದರೆ ಒಳಗೆ ಹುದುಗಿದೆ. ತಲೆಕೆಳಗೆ ಹಿಡಿದು ಹಿಂಡಬೇಡಿ, ಆ ನೀರು ಶ್ವಾಸಕೋಶಕ್ಕೆ ಹೋಗಿ ಹಕ್ಕಿ ಅಲ್ಲೇ ಸಾಯಬಹುದು. ಮೇವು ನಿಲ್ಲಿಸಿ, ನೀರು ಕೊಟ್ಟು, ನಯವಾಗಿ ನೀವಿ ನೋಡಿ. ಒಂದು ದಿನದಲ್ಲಿ ಕರಗದಿದ್ದರೆ ವೈದ್ಯರು.

ಬಾಲ ಇಳಿಬಿಟ್ಟು, ನೆಟ್ಟಗೆ ನಿಂತು, ಮತ್ತೆ ಮತ್ತೆ ತಿಣುಕುತ್ತಿದ್ದರೆ ಮೊಟ್ಟೆ ಸಿಕ್ಕಿಕೊಂಡಿದೆ. ಹೊಟ್ಟೆ ಮುಳುಗುವಷ್ಟು ಬೆಚ್ಚನೆ ನೀರಲ್ಲಿ 20ರಿಂದ 30 ನಿಮಿಷ ಕೂರಿಸಿ, ಒರೆಸಿ, ಕತ್ತಲೆಯ ಬೆಚ್ಚಗಿನ ಜಾಗದಲ್ಲಿಡಿ. ಒತ್ತಬೇಡಿ. ಮೊಟ್ಟೆ ಒಳಗೇ ಒಡೆದರೆ ಉಳಿಯುವುದು ಕಷ್ಟ. ಅದೇ ದಿನ ಬಾರದಿದ್ದರೆ ವೈದ್ಯರ ಬಳಿ ಹೋಗಿ.

ಎಲ್ಲವೂ ಬಾಯಿ ತೆರೆದು ರೆಕ್ಕೆ ಅಗಲಿಸಿ ನಿಂತಿದ್ದರೆ ಸೆಕೆ. ನೆರಳಿಗೆ ತಂದು ಕಾಲು ಮುಳುಗುವಷ್ಟು ತಂಪು ನೀರಲ್ಲಿ ನಿಲ್ಲಿಸಿ. ಐಸ್ ನೀರಲ್ಲಿ ಇಡೀ ಮೈ ಮುಳುಗಿಸಬೇಡಿ. ಮೇವನ್ನು ಮುಂಜಾನೆ, ಸಂಜೆಗೆ ಸರಿಸಿ.

ಜಗಳ ಮತ್ತು ಜಾತಿ ಜಾತಿಯ ಕಾಟ

ಗಂಡು ಬಾತು ಹೇಂಟೆಯನ್ನು ಹತ್ತುತ್ತಿದ್ದರೆ ತಮಾಷೆಯಲ್ಲ. ಹುಂಜಕ್ಕಿಲ್ಲದ ಜನನಾಂಗ ಗಂಡು ಬಾತಿಗಿದೆ, ಹೇಂಟೆಗೆ ಒಳಗಾಯವಾಗಿ ಸಾಯಬಹುದು. ಅದಕ್ಕೆ ನಾಲ್ಕೈದು ಹೆಣ್ಣು ಬಾತು ಇರಲಿ, ಇಲ್ಲಾ ಬೇರೆ ಇಡಿ. ಗಿನಿಕೋಳಿ ಮೇವಿನ ಹತ್ತಿರ ಎಲ್ಲರನ್ನೂ ಓಡಿಸುತ್ತದೆ. ಒಂದಕ್ಕೊಂದು ಕಾಣದಂತೆ ಎರಡು ಮೂರು ಕಡೆ ಮೇವು ಇಟ್ಟರೆ ಅದಕ್ಕೆ ಎಲ್ಲ ಕಡೆ ಕಾವಲು ಕಾಯಲಾಗುವುದಿಲ್ಲ.

ರಾತ್ರಿ ಬೆಳಗಾಗುವುದರೊಳಗೆ ಒಂದು ಕಡಿಮೆ

ಹಲವು ಸತ್ತುಬಿದ್ದು ಒಂದನ್ನೂ ತಿಂದಿಲ್ಲದಿದ್ದರೆ ಹೆಚ್ಚಾಗಿ ನಾಯಿ. ಮರಿ ಗುರುತಿಲ್ಲದೆ ಮಾಯವಾದರೆ ಹಾವು, ಬೆಕ್ಕು, ಹಗಲಾದರೆ ಹದ್ದು ಕಾಗೆ. ಕೋಳಿ ಬಲೆ ಕೋಳಿಯನ್ನು ಒಳಗಿಡುತ್ತದೆ, ನಾಯಿಯನ್ನು ಹೊರಗಿಡುವುದಿಲ್ಲ. ಅರ್ಧ ಇಂಚು ಕಣ್ಣಿನ ಗಟ್ಟಿ ವೆಲ್ಡ್ ಜಾಲರಿ ಹಾಕಿ, ಬುಡದಲ್ಲಿ ಒಂದಡಿ ಹೊರಚಾಚಿ ಮಣ್ಣಿನಲ್ಲಿ ಹೂತಿಡಿ.

ಇಲ್ಲಿಗೆ ನಿಲ್ಲಿಸಿ, ವೈದ್ಯರನ್ನು ಕರೆಯಿರಿ

ಎರಡು ದಿನದೊಳಗೆ ಎರಡು ಮೂರು ಹಕ್ಕಿ ಕಾರಣ ತಿಳಿಯದೆ ಸತ್ತರೆ, ಜುಟ್ಟು ನೀಲಿಗಟ್ಟಿದರೆ, ಮುಖ ಕಾಲು ಊದಿದರೆ, ಕತ್ತು ತಿರುಚಿ ಹಸಿರು ಭೇದಿಯಾದರೆ ಮನೆಮದ್ದಿನ ಹೊತ್ತು ಮುಗಿದಿದೆ. ರಾಣಿಖೇತ್ ಇರಬಹುದು, ಅದನ್ನೇ ಕೊಕ್ಕರೆ ರೋಗ ಎನ್ನುವುದು. ಹಕ್ಕಿಜ್ವರವೂ ಇರಬಹುದು. ನೋಡಿ ಹೇಳಲಾಗದು, ಪರೀಕ್ಷೆಯೇ ಬೇಕು. ಎರಡಕ್ಕೂ ಚಿಕಿತ್ಸೆ ಇಲ್ಲ. ರಾಣಿಖೇತಿಗೆ ಲಸಿಕೆಯಿದೆ, ಮರಿಗೆ ಮೊದಲ ವಾರದಲ್ಲೇ ಶುರುಮಾಡಬೇಕು. ಬಾತುಗಳು ಚೆನ್ನಾಗಿವೆ ಎಂದು ಸಮಾಧಾನಪಡಬೇಡಿ. ಈ ಎರಡೂ ವೈರಸ್ಸನ್ನು ಲಕ್ಷಣವೇ ಇಲ್ಲದೆ ಹೊತ್ತು ತಿರುಗಲು ಬಾತಿಗೆ ಆಗುತ್ತದೆ.

ಪಶುವೈದ್ಯ ಇಲಾಖೆಗೆ ತಿಳಿಸಿ, ಅವರು ಹೇಳುವವರೆಗೆ ಒಂದು ಹಕ್ಕಿಯನ್ನೂ ಹೊರಗೆ ಕೊಡಬೇಡಿ, ಮಾರಬೇಡಿ, ಉಳಿಸಿಕೊಳ್ಳುವ ಆಸೆಗೆ ಕೊಯ್ದು ತಿನ್ನಲೂಬೇಡಿ. ಸತ್ತದ್ದನ್ನು ಬರಿಗೈಯಲ್ಲಿ ಮುಟ್ಟಬೇಡಿ. ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಐಸ್ ಪೆಟ್ಟಿಗೆಯಲ್ಲಿಟ್ಟರೆ ಪರೀಕ್ಷೆಗೆ ಅನುಕೂಲ. ಫ್ರೀಜರಿನಲ್ಲಿ ಹೆಪ್ಪುಗಟ್ಟಿಸಿದರೆ ಪರೀಕ್ಷೆ ಕೆಡುತ್ತದೆ. ಉಳಿದ ಹೆಣಗಳನ್ನು ಬಾವಿ, ಹಳ್ಳದಿಂದ ದೂರ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ. ನೋಡಿಕೊಂಡವರಿಗೆ ಜ್ವರ, ಕೆಮ್ಮು ಬಂದರೆ ಡಾಕ್ಟರಿಗೆ "ನಮ್ಮ ಮನೆಯಲ್ಲಿ ಕೋಳಿ ಸತ್ತಿವೆ" ಎಂದು ಮೊದಲೇ ಹೇಳಬೇಕು.

ರೋಗವಿಲ್ಲದ ದಿನವೂ ಗೂಡು ಗುಡಿಸುವಾಗ ಮಾಸ್ಕ್ ಹಾಕಿ, ಆಮೇಲೆ ಸೋಪಿನಿಂದ ಕೈ ತೊಳೆಯಿರಿ. ನೋಡಲು ಗಟ್ಟಿಮುಟ್ಟಾಗಿರುವ ಮರಿಯ ಮೈಯಲ್ಲೂ ಮನುಷ್ಯರಿಗೆ ಭೇದಿ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು, ಐದು ವರ್ಷದೊಳಗಿನ ಮಕ್ಕಳು ಮುದ್ದಾಡಿ ಮುತ್ತಿಡುವುದು ಬೇಡ. ಮನೆಯವರಿಗೆ ತಂದು ಮಿಕ್ಕ ಆಂಟಿಬಯೋಟಿಕ್ ಮಾತ್ರೆಯನ್ನು ಕೋಳಿಗೆ ಅರೆದು ಹಾಕಬೇಡಿ. ವೈದ್ಯರು ಬರೆದು ಕೊಟ್ಟ ಔಷಧಿಯಾದರೆ ಎಷ್ಟು ದಿನ ಮೊಟ್ಟೆ, ಮಾಂಸ ತಿನ್ನಬಾರದು ಎಂದು ಕೇಳಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಅಲ್ಲಿಯವರೆಗಿನ ಮೊಟ್ಟೆ ಹೂಳಲೇಬೇಕು, ಪಕ್ಕದ ಮನೆಗೂ ಕೊಡುವಂತಿಲ್ಲ.